ಖಾತೆಯ ಚಟುವಟಿಕೆ ತೋರಿಸಬೇಕಾದ ಕಮಾಂಡ್ ಲೈನ್ ಸಾಧನವು ಐದು ದಿನ ಮೌನವಾಗಿದ್ದುದರ ಬಗ್ಗೆ ದೂರು

ಕಲಬುರಗಿ
13 ಜನವರಿ 2025

ಇವರಿಗೆ:
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಕ್ಲೌಡ್ ಹೋಸ್ಟಿಂಗ್ ವಿಭಾಗ

ಮಾನ್ಯರೇ,

ಕಲಬುರಗಿಯ ನೆಹರು ಗಂಜಿನ ಕೆಲವು ಅಡತ್ ಅಂಗಡಿಗಳಿಗೂ ಸುತ್ತಲಿನ ದಾಲ್ ಮಿಲ್‌ಗಳಿಗೂ ತೂಕದ ಚೀಟಿ ಮತ್ತು ಬಿಲ್ಲು ಬರೆಯುವ ತಂತ್ರಾಂಶವನ್ನು ಒದಗಿಸುವುದು ನನ್ನ ಜೀವನೋಪಾಯ. ಆ ತಂತ್ರಾಂಶ ಮೂರು ವರ್ಷಗಳಿಂದ ತಮ್ಮ ಸಂಸ್ಥೆಯ ಎರಡು ಸರ್ವರ್‌ಗಳಲ್ಲಿದೆ. ತಿಂಗಳಿಗೆ ಸುಮಾರು ₹6,400 ಶುಲ್ಕವಾಗುತ್ತದೆ, ಅದನ್ನು ಒಮ್ಮೆಯೂ ಬಾಕಿ ಉಳಿಸಿಲ್ಲ.

ನನ್ನ ಖಾತೆಯಲ್ಲಿ ಯಾರು ಸರ್ವರ್ ಹುಟ್ಟುಹಾಕಿದರು, ಯಾರು ಅಳಿಸಿದರು ಎಂಬುದನ್ನು ತಿಳಿಯಲು ತಾವು ನೀಡಿರುವ ಕಮಾಂಡ್ ಲೈನ್ ಸಾಧನವನ್ನೇ (ಆದೇಶಗಳನ್ನು ಟೈಪ್ ಮಾಡಿ ನಡೆಸುವ ತಂತ್ರಾಂಶವನ್ನೇ) ನಂಬಿದ್ದೆ. ಹದಿನೈದು ನಿಮಿಷಕ್ಕೊಮ್ಮೆ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್ ಮೂಲಕ ಒಂದು ಸಣ್ಣ ಸ್ಕ್ರಿಪ್ಟ್ ಓಡಿ, ಚಟುವಟಿಕೆಯ ಪಟ್ಟಿಯನ್ನು ತರಿಸಿಕೊಂಡು, ಹಿಂದಿನ ಪಟ್ಟಿಯಲ್ಲಿ ಇಲ್ಲದ ಸಾಲು ಕಂಡರೆ ನನ್ನ ಮೊಬೈಲ್‌ಗೆ ಸಂದೇಶ ಕಳಿಸುತ್ತದೆ. ಖಾತೆಯ ವಿವರವನ್ನು ವೆಬ್ ಪುಟದಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಇರುವಾಗ ಇದೇಕೆ ಎಂದು ತಮ್ಮ ಸಹಾಯವಾಣಿಯವರು ಎರಡು ಸಲ ಕೇಳಿದ್ದಾರೆ. ದಿನಕ್ಕೆ ತೊಂಬತ್ತಾರು ಸಲ ಯಾವ ಮನುಷ್ಯನೂ ಡ್ಯಾಶ್‌ಬೋರ್ಡ್ ತೆರೆದು ನೋಡಲಾರ ಎಂಬುದೇ ಅದಕ್ಕೆ ನನ್ನ ಉತ್ತರ.

ಪಟ್ಟಿಯನ್ನು ಓದಲು ಮಾತ್ರ ಅನುಮತಿ ಇರುವ ಟೋಕನ್ (ಗುಪ್ತಪದದಂತೆ ಬಳಸುವ ಪ್ರವೇಶ ಸಂಕೇತ) ಒಂದನ್ನು ಆ ಸ್ಕ್ರಿಪ್ಟಿಗೆ ಕೊಟ್ಟಿದ್ದೆ. ಅದರ ಅವಧಿ ಡಿಸೆಂಬರ್ 28ರ ರಾತ್ರಿ ಮುಗಿದಿತ್ತು. ಅವಧಿ ಮುಗಿದ ಟೋಕನ್‌ಗೆ ತಮ್ಮ ಸರ್ವರ್ 401, ಎಂದರೆ ಗುರುತು ಒಪ್ಪಿತವಲ್ಲ, ಎಂದು ಸರಿಯಾಗಿಯೇ ಉತ್ತರಿಸಿದೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಉತ್ತರವನ್ನು ಪಡೆದ ತಮ್ಮ ಸಾಧನವು ಖಾಲಿ ಪಟ್ಟಿಯೊಂದನ್ನು ಮುದ್ರಿಸಿ, ನಿರ್ಗಮನ ಸಂಕೇತವಾಗಿ ಸೊನ್ನೆಯನ್ನು ಕೊಟ್ಟು ಮುಗಿಸಿದೆ. ಕಮಾಂಡ್ ಲೈನಿನಲ್ಲಿ ಸೊನ್ನೆ ಎಂದರೆ ಕೆಲಸ ಸುಸೂತ್ರವಾಗಿ ಮುಗಿಯಿತು ಎಂದು ಅರ್ಥ, ಬೇರೆ ಯಾವ ಅಂಕಿ ಬಂದರೂ ತೊಂದರೆಯಾಗಿದೆ ಎಂದು ಅರ್ಥ. ಯೂನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಕಾಲದಿಂದ ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದಿರುವ ಕಟ್ಟಳೆ ಇದು. ಹೀಗಾಗಿ "ನನಗೆ ನೋಡಲು ಅನುಮತಿ ಇಲ್ಲ" ಎನ್ನಬೇಕಾಗಿದ್ದ ಸಾಧನ "ಹೊಸದೇನೂ ನಡೆದಿಲ್ಲ" ಎಂದಿತು, ನನ್ನ ಸ್ಕ್ರಿಪ್ಟ್ ಅದನ್ನು ನಂಬಿತು, ಸ್ಕ್ರಿಪ್ಟನ್ನು ನಾನು ನಂಬಿದೆ. ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅಟ್ಟ ಹತ್ತಿದವನು ನಿದ್ದೆ ಹೋದರೆ ಕೂಗು ಕೇಳಿಸುವುದಿಲ್ಲ; ಹಕ್ಕಿ ಬಂದಿಲ್ಲವೆಂದೇ ಮನೆಯಲ್ಲಿದ್ದವರು ತಿಳಿಯುತ್ತಾರೆ. ನನಗೆ ಆದದ್ದೂ ಅಷ್ಟೇ.

ಡಿಸೆಂಬರ್ 30 ನಮ್ಮ ಭಾಗದಲ್ಲಿ ಎಳ್ಳಮಾವಾಸ್ಯೆ. ಅಂದು ಊರಿಗೆ ಊರೇ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ನಾನೂ ಕುಟುಂಬದೊಂದಿಗೆ ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿದ್ದೆ. ಆ ದಿನ ಬೆಳಿಗ್ಗೆ 11.40ಕ್ಕೆ ನನ್ನ ಖಾತೆಯಲ್ಲಿ ಎರಡು, ಅದೇ ರಾತ್ರಿ 1.20ಕ್ಕೆ ಇನ್ನೂ ಮೂರು ದೊಡ್ಡ ಸರ್ವರ್‌ಗಳನ್ನು ಯಾರೋ ಆರಂಭಿಸಿದ್ದಾರೆ. ಜನವರಿ 2ರಂದು ಬಿಲ್ಲಿನ ಪುಟ ತೆರೆದಾಗಲಷ್ಟೇ ನನಗಿದು ತಿಳಿಯಿತು. ಅಷ್ಟರಲ್ಲಿ ಆ ಐದು ಸರ್ವರ್‌ಗಳ ಹೆಸರಿನಲ್ಲಿ ₹23,150 ಏರಿತ್ತು.

ಹೊಸ ಟೋಕನ್ ಹಾಕಿ ಪಟ್ಟಿ ತರಿಸಿದಾಗ ಎರಡನೆಯ ತೊಡಕು ಎದುರಾಯಿತು. ತಮ್ಮ ಸಾಧನ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯವನ್ನು ತೋರಿಸುತ್ತದೆ, ಆದರೆ ಅದು ಯುಟಿಸಿ ಎಂದು ಎಲ್ಲಿಯೂ ಬರೆಯುವುದಿಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಭಾರತೀಯ ಸಮಯವನ್ನೇ ತೋರಿಸುತ್ತದೆ. ಐದೂವರೆ ತಾಸಿನ ಈ ಅಂತರದಿಂದಾಗಿ 11.40ರ ಘಟನೆ ನನಗೆ 06.10 ಎಂದು ಕಂಡಿತು, 31ರ ನಸುಕಿನದು 30ರ ದಿನಾಂಕದಡಿ 19.50 ಎಂದು ಕಂಡಿತು. ಬೆಳಿಗ್ಗೆ ಆರು ಗಂಟೆಗೇ ಲ್ಯಾಪ್‌ಟಾಪ್ ತೆರೆಯುವ ಅಭ್ಯಾಸ ನನ್ನ ಸಹಾಯಕ ಹುಡುಗನಿಗಿದೆ. ಅರ್ಧ ದಿನ ಅವನನ್ನು ಕೂರಿಸಿಕೊಂಡು ಪ್ರಶ್ನಿಸಿದೆ. ಆ ಹುಡುಗನ ಮುಂದೆ ನಾನು ತಲೆ ತಗ್ಗಿಸಬೇಕಾಗಿ ಬಂದದ್ದನ್ನು ಯಾವ ಮರುಪಾವತಿಯೂ ಸರಿಪಡಿಸದು.

ಪಟ್ಟಿಯಲ್ಲಿ ಕೃತ್ಯವಿದೆ, ಸಮಯವಿದೆ, ಕರ್ತೃವಿಲ್ಲ. ಯಾವ ಟೋಕನ್ ಬಳಸಲಾಯಿತು, ಯಾವ ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ಸಂಪರ್ಕದ ಗುರುತಿನ ಸಂಖ್ಯೆಯಿಂದ) ಕೋರಿಕೆ ಬಂತು ಎಂಬ ವಿವರಗಳನ್ನು ತಂತ್ರಾಂಶಗಳು ಓದುವ ಜೇಸನ್ ರೂಪದಲ್ಲಿ ಕೇಳಿದರೂ ಸಾಧನ ಕೊಡುವುದಿಲ್ಲ. ಬರೆಯುವ ಅನುಮತಿ ಇದ್ದ ಮೂರು ಟೋಕನ್‌ಗಳಲ್ಲಿ ಸೋರಿದ್ದು ಯಾವುದೆಂದು ತಿಳಿಯದೆ ಮೂರನ್ನೂ ರದ್ದು ಮಾಡಬೇಕಾಯಿತು. ತೊಗರಿ ಆವಕ ಹೆಚ್ಚಿರುವ ಈ ದಿನಗಳಲ್ಲಿ ಗಂಜಿನ ಅಂಗಡಿಗಳವರು ಆ ಮಧ್ಯಾಹ್ನವೆಲ್ಲ ಕೈಯಲ್ಲೇ ಚೀಟಿ ಬರೆದರು. ಕೆಲಸ ಬಿಟ್ಟು ಹೋದವರೊಬ್ಬರ ಟೋಕನ್ ಅವುಗಳಲ್ಲಿತ್ತು, ಅದನ್ನು ಆಗಲೇ ರದ್ದು ಮಾಡದಿದ್ದದ್ದು ನನ್ನ ತಪ್ಪೆಂದು ಒಪ್ಪುತ್ತೇನೆ. ಆದರೆ ಸೋರಿದ್ದು ಅದೇ ಹೌದೋ ಅಲ್ಲವೋ ಎನ್ನಲು ಆಧಾರ ತಮ್ಮ ಬಳಿ ಇದೆ, ನನ್ನ ಬಳಿ ಇಲ್ಲ.

ಸೈಬರ್ ಸುರಕ್ಷತೆಯ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಭಾರತದೊಳಗೆ ಕಾಯ್ದಿಡಬೇಕು. ನಾನು ವರದಿ ಕಳಿಸಿದ್ದೇನೆ, ಆದರೆ ಮೂಲ ಐಪಿ ವಿಳಾಸದ ಜಾಗವನ್ನು ಖಾಲಿ ಬಿಟ್ಟು. 30 ದಿನಕ್ಕಿಂತ ಹಳೆಯ ಚಟುವಟಿಕೆ ಸಿಗುವುದಿಲ್ಲವೆಂದು ತಮ್ಮ ಸಹಾಯವಾಣಿ ಲಿಖಿತವಾಗಿ ತಿಳಿಸಿದೆ. ಇದು ಆ ನಿರ್ದೇಶನಕ್ಕೆ ಹೇಗೆ ಹೊಂದುತ್ತದೆ ಎಂಬುದನ್ನು ತಾವೇ ವಿವರಿಸಬೇಕು.

ಆದ್ದರಿಂದ ಡಿಸೆಂಬರ್ 28ರಿಂದ ಜನವರಿ 2ರವರೆಗಿನ ಸಂಪೂರ್ಣ ಲಾಗ್‌ಗಳನ್ನು, ಟೋಕನ್‌ನ ಗುರುತು ಮತ್ತು ಐಪಿ ವಿಳಾಸಗಳ ಸಮೇತ, ಈ ಪತ್ರ ತಲುಪಿದ ಏಳು ದಿನಗಳೊಳಗೆ ಕಳಿಸಬೇಕೆಂದೂ, ₹23,150ನ್ನು ಬಿಲ್ಲಿನಿಂದ ತೆಗೆಯಬೇಕೆಂದೂ ಕೋರುತ್ತೇನೆ. ಅನುಮತಿ ನಿರಾಕರಣೆಯಾದಾಗ ಸಾಧನವು ಸೊನ್ನೆಯಲ್ಲದ ಸಂಕೇತ ಕೊಡುವಂತೆ ಮಾಡಲು ಕೆಲವೇ ಸಾಲುಗಳ ತಿದ್ದುಪಡಿ ಸಾಕು ಎಂಬುದು ಇದೇ ವೃತ್ತಿಯಲ್ಲಿರುವ ನನ್ನ ಅಂದಾಜು. ಅದು ಯಾವ ಆವೃತ್ತಿಯಲ್ಲಿ ಬರಲಿದೆ ಎಂಬುದನ್ನೂ ತಿಳಿಸಬೇಕು. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ, ದೂರುದಾರನು ತಾನು ವಾಸಿಸುವ ಊರಿನಲ್ಲೇ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೀಡಿರುವ ಅವಕಾಶದಂತೆ, ಕಲಬುರಗಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗುತ್ತೇನೆ.

ಸ್ಕ್ರಿಪ್ಟ್‌ನ ಪ್ರತಿ, ಸಾಧನವು ಸೊನ್ನೆ ಕೊಟ್ಟುದನ್ನು ತೋರಿಸುವ ದಾಖಲೆ, ಬಿಲ್ಲು ಹಾಗೂ ಸಹಾಯವಾಣಿಯ ಉತ್ತರಗಳನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)
ಖಾತೆದಾರ, ಕಲಬುರಗಿ