ಕೃಪಾಸನ ಅಂದರೇನು, ಪಪ್ಪಾ?

ಹೋದ ತಿಂಗಳು ಒಂದು ರಾತ್ರಿ ಮನೆ ಪ್ರಾರ್ಥನೆಯ ನಡುವೆ ನನಗೆ ಕೆಮ್ಮು ಬಂತು. ಪುಣೆಯ ಮಳೆಗಾಲದ ಕೆಮ್ಮು ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. "ನಿನ್ನ ಕೃಪಾಸನದ ಮುಂದೆ" ಅನ್ನುವಲ್ಲಿಗೆ ಮಾತು ನಿಂತುಹೋಯಿತು. ನೀರಿನ ಲೋಟಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಹತ್ತನೇ ಕ್ಲಾಸಿನ ಮಗಳು ಕಣ್ಣು ಮುಚ್ಚಿಕೊಂಡೇ ಮುಂದುವರಿಸಿದಳು. ನನ್ನದೇ ಧಾಟಿ, ನನ್ನದೇ ಎಳೆತ. "ದೀನರಾಗಿ ಬಾಗಿ ಬಂದಿದ್ದೇವೆ ಕರ್ತನೇ, ಈ ದಿನವೆಲ್ಲಾ ಹೋಗುವಾಗಲೂ ಬರುವಾಗಲೂ ಕಾಪಾಡಿದ್ದಕ್ಕಾಗಿ ಸ್ತೋತ್ರ..." ಊರಲ್ಲಿರುವ ಅವ್ವನ ಮೊಣಕಾಲು ನೋವಿನ ತನಕ ಒಂದು ಶಬ್ದ ಬಿಡದೆ ಹೇಳಿ ಆಮೆನ್ ಅಂದಳು. ಅವಳ ತಮ್ಮ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದ.

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ? "ದೇವರ ಮುಂದೆ ಅಣಕ ಮಾಡ್ತೀಯಾ?" ಎಂದು ಬೈದೆ.

"ಅಣಕ ಅಲ್ಲ ಪಪ್ಪಾ. ದಿನಾ ಇದೇ ಅಲ್ವಾ? ನಂಗೆ ಬಾಯಿಪಾಠ ಆಗಿದೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಂದ ಹಾಗೆ, ಕೃಪಾಸನ ಅಂದರೇನು?"

ನಲವತ್ತು ವರ್ಷದಿಂದ ನನ್ನ ಬಾಯಲ್ಲಿರುವ ಶಬ್ದ ಅದು. ನಮ್ಮ ಅಪ್ಪನಿಂದ ಬಂದದ್ದು. ಅವರಿಗೆ ಗದಗ-ಬೆಟಗೇರಿಯ ಚರ್ಚಿನ ಹಿರಿಯರಿಂದ. ಅರ್ಥ ಹೇಳು ಅಂತ ಯಾರೂ ಯಾವತ್ತೂ ಕೇಳಿರಲಿಲ್ಲ. "ದೇವರ ಸಿಂಹಾಸನ ಇದ್ದ ಹಾಗೆ" ಎಂದು ಏನೋ ತೊದಲಿದೆ. ಅವಳು ಹೂಂ ಅಂದಳು. ನನ್ನ ಹೆಂಡತಿ ನನ್ನ ಮುಖ ನೋಡಿ, "ಊಟಕ್ಕ ಏಳ್ರಿ" ಅಂದಳು.

ಮರುದಿನ ಬೆಳಿಗ್ಗೆ ಬೈಬಲ್ ತೆಗೆದೆ. ಇಬ್ರಿಯರಿಗೆ ಬರೆದ ಪತ್ರಿಕೆ, 4ನೇ ಅಧ್ಯಾಯದ ಕೊನೆ. ಅಲ್ಲಿ ಕೃಪಾಸನದ ಮುಂದೆ ಧೈರ್ಯವಾಗಿ ಬನ್ನಿ ಅಂತ ಇದೆ. ಧೈರ್ಯವಾಗಿ! "ದೀನರಾಗಿ ಬಾಗಿ" ಅನ್ನುವುದು ಅಲ್ಲಿ ಇಲ್ಲವೇ ಇಲ್ಲ. ಅದು ನಾವು ಸೇರಿಸಿಕೊಂಡದ್ದು. ಡಬ್ಬಿ ಕಟ್ಟುವಾಗ ಮಗಳಿಗೆ ಹೇಳಿದೆ, ಹೆದರಿಕೊಳ್ಳದೆ ಹೋಗಬಹುದಾದ ಜಾಗ ಅಂತೆ. "ಹಾಗೇ ಹೇಳಬಹುದಲ್ವಾ ಮತ್ತೆ?" ಎಂದು ಚಪ್ಪಲಿ ಹಾಕಿಕೊಂಡು ಕ್ಲಾಸಿಗೆ ಓಡಿದಳು.

ನಮ್ಮ ಕನ್ನಡ ಸಂಘದ ಸಭೆಯಲ್ಲಿ, ಚರ್ಚಿನ ಕಮಿಟಿಯಲ್ಲಿ, ಪ್ರತಿ ವರ್ಷ ಒಂದು ವಿಷಯ ತಪ್ಪದೆ ಬರುತ್ತದೆ. ದೊಡ್ಡ ಮಕ್ಕಳು ಆರಾಧನೆಗೆ ಬರುತ್ತಿಲ್ಲ. ಕಾರಣಗಳೂ ತಪ್ಪದೆ ಬರುತ್ತವೆ. ಮೊಬೈಲ್, ಭಾನುವಾರದ ಕೋಚಿಂಗ್ ಟೆಸ್ಟ್, ಗೆಳೆಯರು. ಯಾವುದೂ ಸುಳ್ಳಲ್ಲ. ದಹಾವಿ, ಅಂದರೆ ಹತ್ತನೇ ಕ್ಲಾಸು, ಈ ಊರಿನಲ್ಲಿ ಮನೆಯವರೆಲ್ಲ ಸೇರಿ ಬರೆಯುವ ಪರೀಕ್ಷೆ. ಆದರೂ ಒಂದು ಕಾರಣವನ್ನು ನಾವು ಪಟ್ಟಿಗೆ ಸೇರಿಸುವುದಿಲ್ಲ. ನಮ್ಮ ಭಕ್ತಿಯ ಮಾತು ಮಕ್ಕಳಿಗೆ ಅರ್ಥವಾಗುವುದಿಲ್ಲ. ಕೆಲವು ಸಲ ನಮಗೂ ಆಗುವುದಿಲ್ಲ. ಅವರು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಗೆಳೆಯರ ಜೊತೆ ಹಿಂದಿ, ಮನೆಯಲ್ಲಿ ಅಡುಗೆಮನೆ ಕನ್ನಡ ಆಡುವವರು. ಭಾನುವಾರ ಎರಡು ತಾಸು ಗ್ರಂಥದ ಕನ್ನಡದ ಮುಂದೆ ಕೂರಿಸುತ್ತೇವೆ. ಅವರು ಕೂತಿರುತ್ತಾರೆ, ಪಾಪ. ದೃಢೀಕರಣ, ಅಂದರೆ ದೊಡ್ಡವರಾದ ಮಕ್ಕಳು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿ, ಆಗುವ ತನಕ ಕೂತಿರುತ್ತಾರೆ. ಬಿಳಿ ಬಟ್ಟೆಯ ಫೋಟೋ ಗೋಡೆಗೆ ಬರುತ್ತದೆ, ಮಗು ಬರುವುದಿಲ್ಲ. ನಮ್ಮ ಪಾದ್ರಿ ಅಯ್ಯನವರು ಒಮ್ಮೆ ನಗುತ್ತಾ ಹೇಳಿದರು, ದೃಢೀಕರಣ ಅನ್ನುವುದು ಚರ್ಚಿನಿಂದ ಕೊಡುವ ಟಿ.ಸಿ. ಆಗಿಬಿಟ್ಟಿದೆ ಅಂತ. ನಾವೂ ನಕ್ಕೆವು.

ಕನ್ನಡ ಸಂಘದ ಪತ್ರಿಕೆಯ ಸಂಪಾದಕನಾಗಿ ಇದನ್ನು ಬರೆಯುವುದು ನನಗೆ ಕಷ್ಟವೇ. ಇದೇ ಪುಟದಲ್ಲಿ "ಮನೆಯಲ್ಲಿ ಕನ್ನಡ ಆಡಿ" ಎಂದು ಎಷ್ಟು ಸಲ ಬರೆದಿದ್ದೇನೋ. ಈಗಲೂ ಆಡಿ ಎಂದೇ ಹೇಳುತ್ತೇನೆ. ಆದರೆ ನಾವು ಕನ್ನಡವನ್ನೂ ಭಕ್ತಿಯನ್ನೂ ಒಂದೇ ಗಂಟಿಗೆ ಕಟ್ಟಿದ್ದೇವೆ. ಕನ್ನಡ ಓದಲು ಬಾರದ ಹುಡುಗ ತನಗೆ ದೇವರೂ ಬಾರದು ಅಂದುಕೊಳ್ಳುತ್ತಿದ್ದಾನೆ. ಅದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಪುಣೆ ಸ್ಟೇಷನ್ನಿನಿಂದ ದೌಂಡ್ ಕಡೆಯ ರೈಲು ಹಿಡಿದರೆ ಕೇಡಗಾಂವ್ ಸಿಗುತ್ತದೆ. ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಅವರು ಕಟ್ಟಿದ ಆಶ್ರಮ, ಮುಕ್ತಿ ಮಿಷನ್, ಈಗಲೂ ಅಲ್ಲಿದೆ. ನಾವು ಅವರನ್ನು ಮರಾಠಿಯವರು ಎಂದು ಬಿಟ್ಟುಕೊಟ್ಟಿದ್ದೇವೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮುಂದೆ ಮಗಳು ಮನೋರಮಾ ಜೊತೆ ಸೇರಿ ಗುಲ್ಬರ್ಗಾದಲ್ಲೂ ಒಂದು ಶಾಲೆ ತೆರೆದರು. ಚಿಕ್ಕಂದಿನಲ್ಲೇ ಸಂಸ್ಕೃತ ಶ್ಲೋಕಗಳು ಅವರ ನಾಲಗೆ ಮೇಲಿದ್ದವು. ಕಲ್ಕತ್ತೆಯ ವಿದ್ವಾಂಸರು ಪರೀಕ್ಷೆ ಮಾಡಿ ಸರಸ್ವತಿ ಎಂಬ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಊರಿನಲ್ಲಿ ದೀಕ್ಷಾಸ್ನಾನ ಪಡೆದರು, ಪುಟ್ಟ ಮಗಳ ಜೊತೆ. ಆಗ ಅವರಿಗೆ 25. ಹದಿಹರೆಯ ಅಲ್ಲ ಬಿಡಿ, ಆದರೆ ಪ್ರಶ್ನೆ ಕೇಳುವುದರಲ್ಲಿ ನಮ್ಮ ಯಾವ ಹುಡುಗನಿಗೂ ಕಡಿಮೆ ಇರಲಿಲ್ಲ. ಅಲ್ಲಿನ ಸಿಸ್ಟರ್‌ಗಳ ಜೊತೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ನೀವು ಹೇಳಿದಿರಿ ಅಂತ ಒಪ್ಪುವುದಿಲ್ಲ, ನನ್ನ ಮನಸ್ಸಿಗೆ ಸರಿ ಅನ್ನಿಸಬೇಕು ಎನ್ನುವ ಹಟ. ಹಿರಿಯರಿಗೆ ಅದು ಸೊಕ್ಕಿನ ಹಾಗೆ ಕಂಡಿತು.

ಆ ಹಟಮಾರಿ ಕೊನೆಗೆ ಮಾಡಿದ ಕೆಲಸ ನೋಡಿ. ಕೇಡಗಾಂವಿನಲ್ಲಿ ಕೂತು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಅದೂ ಸಂಸ್ಕೃತದ ಪಂಡಿತೆ, ಸಂಸ್ಕೃತದ ಶಬ್ದಗಳನ್ನು ಆದಷ್ಟು ಬದಿಗಿಟ್ಟು, ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ. ಆಶ್ರಮದ ಹೆಣ್ಣುಮಕ್ಕಳೇ ಅಚ್ಚಿನ ಮೊಳೆ ಜೋಡಿಸಿದರು. ಮನೋರಮಾ 1921ರಲ್ಲಿ ತೀರಿಕೊಂಡರು, ತಾಯಿ ಅದರ ಮರುವರ್ಷ. ಮಗಳು ಹೋದ ಮೇಲೂ ಆ ಮುದುಕಿ ಕರಡು ತಿದ್ದುತ್ತಾ ಕೂತಿದ್ದರು ಎನ್ನುವುದನ್ನು ನೆನೆದರೆ ನನಗೆ ಮಾತು ಬರುವುದಿಲ್ಲ. ನಾವು? ಹದಿನೈದು ವರ್ಷದ ಮಗಳಿಗೆ ಒಂದು ಶಬ್ದ ಬಿಡಿಸಿ ಹೇಳಲು ಬೇಸರ ಪಡುತ್ತೇವೆ.

ಯೌವನಸ್ಥರ ಕೂಟ ನಡೆಸುವವರಿಗೆ ಎರಡು ಮಾತು. ನೀವೆಲ್ಲ ಸಂಬಳ ಇಲ್ಲದೆ ದುಡಿಯುವವರು. ವಾರವೆಲ್ಲ ಹಿಂಜವಡಿಯಲ್ಲೋ ಪಿಂಪ್ರಿ ಚಿಂಚವಡದಲ್ಲೋ ಕೆಲಸ, ಭಾನುವಾರ ಗಿಟಾರ್ ಹೊತ್ತುಕೊಂಡು ಬರುತ್ತೀರಿ. ಐದು ಜನ ಮಕ್ಕಳು ಬಂದಿರುತ್ತಾರೆ. ಅದರಲ್ಲಿ ಇಬ್ಬರು ವಡಾಪಾವ್ ಸಿಗುತ್ತದೆ ಅಂತ ಬಂದವರು. ಬರಲಿ ಬಿಡಿ. ತಂದೆತಾಯಿ ಬಂದು "ನನ್ನ ಮಗನನ್ನ ಸರಿ ಮಾಡಿ" ಎಂದು ನಿಮ್ಮ ಕೈಗೆ ಕೊಟ್ಟು ಹೋಗುತ್ತಾರೆ, ರಿಪೇರಿಗೆ ಮಿಕ್ಸರ್ ಕೊಟ್ಟ ಹಾಗೆ.

ಏಲಿಯನ್ನು ನೆನಪಿಸಿಕೊಳ್ಳಿ. ಸಮುವೇಲನ ಮೊದಲನೇ ಪುಸ್ತಕದಲ್ಲಿ ಬರುವ ಮುದಿ ಯಾಜಕ. ಸಂಡೆ ಸ್ಕೂಲಿನಲ್ಲಿ ನಮಗೆ ಹುಡುಗ ಸಮುವೇಲನ ಕಥೆ ಹೇಳಿಕೊಟ್ಟರು, ಏಲಿಯದ್ದು ಹೇಳಲಿಲ್ಲ. ಅವನ ಸ್ವಂತ ಗಂಡುಮಕ್ಕಳು ಕೆಟ್ಟುಹೋಗಿದ್ದರು. ಕಣ್ಣು ಮಂಜಾಗಿತ್ತು. ರಾತ್ರಿ ಹುಡುಗ ಎದ್ದು ಬಂದು "ಕರೆದಿರಾ?" ಅಂದಾಗ ಎರಡು ಸಲ "ಇಲ್ಲಪ್ಪ, ಹೋಗಿ ಮಲಗು" ಎಂದು ಕಳಿಸಿದ. ಅವನಿಗೂ ಮೊದಲು ಗೊತ್ತಾಗಲಿಲ್ಲ ನೋಡಿ. ಮೂರನೇ ಸಲ ಹೊಳೆಯಿತು. ಆಗ ದೊಡ್ಡ ಪ್ರಸಂಗ ಮಾಡಲಿಲ್ಲ. ಮತ್ತೆ ಕರೆದರೆ "ಹೇಳು, ನಿನ್ನ ದಾಸ ಕೇಳುತ್ತಾನೆ" ಅನ್ನು ಎಂದು ಒಂದೇ ಸಾಲು ಕಲಿಸಿದ. ಹುಡುಗನ ಹಿಂದೆ ತಾನೂ ಹೋಗಿ ನಿಲ್ಲಲಿಲ್ಲ. ಬೆಳಿಗ್ಗೆ, ಏನು ಕೇಳಿದೆ ಮುಚ್ಚಿಡದೆ ಹೇಳು ಅಂದ. ಹುಡುಗ ಹೇಳಿದ್ದು ಏಲಿಯ ಮನೆತನದ ವಿರುದ್ಧದ ಮಾತು. ಆ ಮುದುಕ ಹುಡುಗನ ಮೇಲೆ ರೇಗಲಿಲ್ಲ.

ಸ್ವಂತ ಮಕ್ಕಳ ವಿಷಯದಲ್ಲಿ ಸೋತ ತಂದೆ ಬೇರೆಯವರ ಮಗುವಿಗೆ ದಾರಿ ತೋರಿಸಿದ. ಸಭೆಯಲ್ಲಿ ತಲೆ ತಗ್ಗಿಸಿ ಕೂರುವ ಕೆಲವು ತಂದೆತಾಯಿಗಳಿಗೆ ಇದನ್ನು ಹೇಳಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ನಿಮ್ಮ ಮಗ ಬರುತ್ತಿಲ್ಲ ಅಂತ ನೀವು ಕೂಟಕ್ಕೆ ಬರುವುದನ್ನು ಬಿಡಬೇಡಿ. ಪಕ್ಕದ ಬೆಂಚಿನ ಹುಡುಗಿಗೆ ನಿಮ್ಮ ಮಾತು ಬೇಕಿರಬಹುದು.

ಈಗ ಢೋಲ್ ತಾಶೆಯ ವಿಷಯ. ಸುಮ್ನೆ ಬಿಟ್ಟರೆ ಆಗುವುದಿಲ್ಲ, ಈ ವರ್ಷ ಮೂರು ಮನೆಯಲ್ಲಿ ಇದೇ ಜಗಳ. ಗಣೇಶನ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಮುಠಾ ನದಿಯ ದಂಡೆಯಲ್ಲಿ ಪಥಕಗಳ, ಅಂದರೆ ಮೆರವಣಿಗೆಯಲ್ಲಿ ಢೋಲ್ ತಾಶೆ ಬಾರಿಸುವ ತಂಡಗಳ, ಅಭ್ಯಾಸ ಶುರುವಾಗುತ್ತದೆ. ನಮ್ಮ ಹುಡುಗರಿಗೂ ಕೈ ತುರಿಸುತ್ತದೆ. ಆ ಸದ್ದು ಎದೆಯೊಳಗೆ ಬಡಿಯುತ್ತದೆ, ನನಗೇ ಬಡಿಯುತ್ತದೆ. ಒಬ್ಬ ತಾಯಿ ಅಳುತ್ತಾ ಫೋನ್ ಮಾಡಿದರು. "ಅಣ್ಣಾ, ಮಗ ಪಥಕಕ್ಕೆ ಸೇರಿಕೊಂಡಾನ. ನೀವಾದರೂ ಬುದ್ಧಿ ಹೇಳ್ರಿ."

ನಾನು ಬುದ್ಧಿ ಹೇಳಲಿಲ್ಲ. ಹುಡುಗನಿಗೆ, ದಾನಿಯೇಲನ ಪುಸ್ತಕದ ಮೊದಲನೇ ಅಧ್ಯಾಯ ಓದಿ ಬಾ, ಚಹಾ ಕುಡಿಯೋಣ ಅಂದೆ. ದಾನಿಯೇಲನೂ ಬೇರೆ ಊರಿಗೆ ಬಂದ ಹುಡುಗನೇ. ಬಾಬೆಲಿನಲ್ಲಿ ಅವನಿಗೆ ಹೊಸ ಹೆಸರಿಟ್ಟರು, ಒಪ್ಪಿದ. ಮೂರು ವರ್ಷ ಅವರ ಭಾಷೆ, ಅವರ ವಿದ್ಯೆ ಕಲಿ ಅಂದರು, ಕಲಿತ. ಅರಸನ ಊಟ ಮಾತ್ರ ಬೇಡ ಅಂದ. ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ಮೇಲ್ವಿಚಾರಕನ ಹತ್ತಿರ ಮರ್ಯಾದೆಯಿಂದಲೇ ಕೇಳಿದ. ಗೆರೆ ಎಲ್ಲಿ ಎಳೆಯಬೇಕು ಅಂತ ಹೇಳಲು ಅಲ್ಲಿ ಅಪ್ಪ ಅಮ್ಮ ಇರಲಿಲ್ಲ.

"ನಿನ್ನ ಗೆರೆ ಎಲ್ಲಿ?" ಎಂದು ಕೇಳಿದೆ. ಹುಡುಗ ಎರಡು ದಿನ ತೆಗೆದುಕೊಂಡ. ಢೋಲ್ ಬಾರಿಸುತ್ತೇನೆ, ಆರತಿಯ ಹೊತ್ತಿಗೆ ಬದಿಗೆ ನಿಲ್ಲುತ್ತೇನೆ, ಗೆಳೆಯರಿಗೆ ಹೇಳಿದೆ, ಅವರು ಚಲೇಗಾ ಅಂದರು, ಎಂದ. ಅವನ ತಾಯಿಗೆ ಇದು ಸಮಾಧಾನ ಆಗಿಲ್ಲ. ತಂದೆ, ಸದ್ಯ ಮನೆಯಲ್ಲಿ ಮಾತಾಡುತ್ತಿದ್ದಾನಲ್ಲ ಅಂತ ಸುಮ್ಮನಿದ್ದಾರೆ. ನನ್ನ ಅಭಿಪ್ರಾಯಕ್ಕೂ ಕಮಿಟಿಯ ಅಭಿಪ್ರಾಯಕ್ಕೂ ಈ ವಿಷಯದಲ್ಲಿ ತಾಳೆ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ ಹುಡುಗ ಬೈಬಲಿನ ಒಂದು ಅಧ್ಯಾಯವನ್ನು ಯಾರ ಬಲವಂತವೂ ಇಲ್ಲದೆ ಮೂರು ಸಲ ಓದಿದ್ದ.

ಇನ್ನೊಂದು ವಿಷಯ, ಚಿಕ್ಕದಾಗಿ ಆದರೆ ಗಟ್ಟಿಯಾಗಿ. ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಬದುಕುವುದು ಬೇಡ ಎನ್ನುವ ಮಾತು ಬಂದರೆ, ಪ್ರಾರ್ಥನೆ ಕಡಿಮೆ ಆಯಿತು ಎಂದು ಬೈಯಬೇಡಿ. ಪ್ರಾರ್ಥನೆ ಮಾಡಿ, ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಸರಕಾರದ ಟೆಲಿಮಾನಸ್ ಸಹಾಯವಾಣಿ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ನಮ್ಮ ಮನೆಯಲ್ಲಿ ಈಗ ಗುರುವಾರದ ಪ್ರಾರ್ಥನೆ ಮಗಳದು. ಅರ್ಧ ಹಿಂದಿ, ಅರ್ಧ ಇಂಗ್ಲಿಷ್, ನಡುವೆ ಅಲ್ಲಲ್ಲಿ ಕನ್ನಡ. ಮೊದಲ ವಾರ ಒಂದೇ ನಿಮಿಷಕ್ಕೆ ಮುಗಿಯಿತು. ಗಣಿತದ ಟೀಚರ್ ಮೇಲೆ ದೂರೂ ಇತ್ತು. ಅವ್ವ ಊರಿನಿಂದ ವಿಡಿಯೋ ಕಾಲಿನಲ್ಲಿದ್ದಳು. ಮುಗಿದ ಮೇಲೆ ಗಟ್ಟಿಯಾಗಿ ಆಮೆನ್ ಅಂದು, "ಏನಂದ್ಳೋ ಅಕಿ?" ಎಂದು ನನ್ನನ್ನು ಕೇಳಿದಳು. ಮೊಮ್ಮಗಳೇ ಫೋನ್ ಇಸಿದುಕೊಂಡು ತನ್ನ ಹರಕು ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದಳು. ಹೇಳಿದ್ದು ಪ್ರಾರ್ಥನೆಗಿಂತ ಜಾಸ್ತಿ ಹೊತ್ತಾಯಿತು.

ಮುಂದಿನ ಸಂಚಿಕೆಯಿಂದ ಕೊನೆಯ ಪುಟ 13ರಿಂದ 19 ವಯಸ್ಸಿನವರಿಗೆ. ಪ್ರಶ್ನೆ, ದೂರು, ಪ್ರಾರ್ಥನೆ, ಏನಾದರೂ ಬರೆಯಿರಿ. ಯಾವ ಭಾಷೆಯಲ್ಲಾದರೂ ಇರಲಿ, ನಾವು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ. ಹೆಸರು ಬೇಡ ಅಂದರೆ ಹಾಕುವುದಿಲ್ಲ. ಆರಾಧನೆ ಮುಗಿದ ಮೇಲೆ ಕಾಣಿಕೆ ಡಬ್ಬಿಯ ಪಕ್ಕದಲ್ಲಿ ಒಂದು ನೀಲಿ ಡಬ್ಬಿ ಇಟ್ಟಿರುತ್ತೇವೆ, ಚೀಟಿ ಅದರಲ್ಲಿ ಹಾಕಿ. ತಂದೆತಾಯಿಗಳೇ, ದಯವಿಟ್ಟು ಅದನ್ನು ನೀವು ತೆಗೆದು ಓದಬೇಡಿ.