ತರಬೇತಿ ವಿಮಾನ ಮತ್ತೆ ತಡವಾಗದಿರಲಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್‌ನಲ್ಲಿ ಮಿಗ್‌-21 ಯುದ್ಧವಿಮಾನಕ್ಕೆ ವಿದಾಯ ಹೇಳಿದಾಗ ಎಷ್ಟೋ ಜನ ಅದನ್ನು ‘ಹಾರುವ ಶವಪೆಟ್ಟಿಗೆ’ ಎಂದು ಬೈದರು. ಎಲ್ಲ ತಪ್ಪೂ ಆ ವಿಮಾನದ್ದಲ್ಲ. ಕಿರಣ್ ಎಂಬ ನಿಧಾನದ ಜೆಟ್‌ನಲ್ಲಿ ಕಲಿತ ಹುಡುಗರು ನೇರವಾಗಿ ಮಿಗ್ ಹತ್ತುತ್ತಿದ್ದರು. ಅದು ರನ್‌ವೇ ಮುಟ್ಟುವ ಹೊತ್ತಿಗೂ ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಇರುತ್ತಿತ್ತು. ನಡುವೆ ಇನ್ನೊಂದು ತರಬೇತಿ ಜೆಟ್ ಬೇಕು ಎಂದು 1982ರಲ್ಲಿ ನೇಮಿಸಿದ ಲಾ ಫಾಂಟೇನ್ ಸಮಿತಿ ಹೇಳಿತ್ತು. ಅಂಥ ಜೆಟ್ ಆದ ಹಾಕ್‌ಗೆ ಒಪ್ಪಂದ ಆದದ್ದು 2004ರಲ್ಲಿ. ನಮ್ಮ ಬೀದರ್‌ನ ವಾಯುನೆಲೆಯಲ್ಲಿ ಅವು ಸೇವೆಗೆ ಸೇರಿದ್ದು 2008ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯಿತು?

ನಾನು ಬೀದರ್‌ನಲ್ಲಿ ಗಣಿತ ಕಲಿಸಿದವಳು. ಹಾಕ್ ಮೇಲೆ ಹಾದರೆ ಮಾತು ನಿಲ್ಲಿಸಲೇಬೇಕು, ಮಕ್ಕಳ ಕಣ್ಣೆಲ್ಲ ಕಿಟಕಿಯಾಚೆ. ಸದ್ದು ಜಾಸ್ತಿ ಎಂದು ಬೇಸರಪಡುವವರು ಇದ್ದಾರೆ. ನನಗೆ ಮಾತ್ರ ಒಳಗೆ ಕೂತ ಎಳೆಯರದ್ದೇ ಯೋಚನೆ. ತಪ್ಪು ಮಾಡಿ ತಿದ್ದಿಕೊಳ್ಳಬೇಕಾದದ್ದು ಅವರು ಇಲ್ಲೇ ಅಲ್ವಾ, ಹಿಂದಿನ ಸೀಟಿನಲ್ಲಿ ಗುರು ಇರುವಾಗಲೇ?

ತರಬೇತಿಯ ಮೊದಲ ಹಂತದ ಕಥೆಯೂ ಇದೇ. ಎಚ್‌ಪಿಟಿ-32 ದೀಪಕ್ ಎಂಬ ತರಬೇತಿ ವಿಮಾನದಲ್ಲಿ ಎಂಜಿನ್ ಕೈಕೊಟ್ಟರೆ ಹೊರಗೆ ಚಿಮ್ಮಲು ಇಜೆಕ್ಷನ್ ಸೀಟೇ ಇರಲಿಲ್ಲ. 2009ರಲ್ಲಿ ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಅದನ್ನು ನಿಲ್ಲಿಸಿದರು. ಬದಲಿ ಸಿದ್ಧವಿರಲಿಲ್ಲ. ಹೊಸಬರು ಅಕ್ಷರಾಭ್ಯಾಸವನ್ನೇ ಕಿರಣ್ ಜೆಟ್‌ನಲ್ಲಿ ಮಾಡಬೇಕಾಯಿತು. 2013ರಲ್ಲಿ ಸ್ವಿಟ್ಜರ್ಲೆಂಡ್‌ನ ಪಿಲಾಟಸ್ ತರಬೇತಿ ವಿಮಾನ ಬಂತು.

ಈಗ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿಟಿ-40 ತರಬೇತಿ ವಿಮಾನ ಇದೆ. ಮೊದಲು ಹಾರಿದ್ದು 2016ರ ಮೇ 31ರಂದು. ಇಜೆಕ್ಷನ್ ಸೀಟಿದೆ. 70 ವಿಮಾನಗಳಿಗೆ 2023ರ ಮಾರ್ಚ್‌ನಲ್ಲಿ ಒಪ್ಪಂದವಾಯಿತು. ವಾಯುಪಡೆಗಾಗಿ ಕಟ್ಟಿದ ಮೊದಲ ವಿಮಾನ ಹಾರುವಷ್ಟರಲ್ಲಿ 2025ರ ಅಕ್ಟೋಬರ್ ಬಂತು. ಎಂಜಿನ್ ಅಮೆರಿಕದ ಹನಿವೆಲ್‌ನಿಂದ ಬರಬೇಕು. ನನ್ನ ಆತಂಕ ಅಲ್ಲಿಯೇ. ಎಂಜಿನ್ ಕಾಯುತ್ತಾ ವಿಮಾನಗಳು ಹ್ಯಾಂಗರ್‌ನಲ್ಲಿ ನಿಂತರೆ, 1964ರಲ್ಲಿ ಮೊದಲು ಹಾರಿದ ಕಿರಣ್ ಮೇಲಿನ ಹೊರೆ ಇಳಿಯುವುದು ಹೇಗೆ?

ತೇಜಸ್ ಯುದ್ಧವಿಮಾನ ತಡವಾದರೆ ಎಲ್ಲ ಪತ್ರಿಕೆಗಳೂ ಕೇಳುತ್ತವೆ, ಸಂಸತ್ತಿನಲ್ಲೂ ಪ್ರಶ್ನೆ ಏಳುತ್ತದೆ. ತರಬೇತಿ ವಿಮಾನವನ್ನೂ ಹಾಗೇ ಕೇಳಬೇಕು. ಎಷ್ಟು ಎಂಜಿನ್ ಬಂತು, ಎಷ್ಟು ವಿಮಾನ ವಾಯುಪಡೆಯ ಕೈ ಸೇರಿತು ಎಂಬ ಲೆಕ್ಕವನ್ನು ರಕ್ಷಣಾ ಸಚಿವಾಲಯ ಮೂರು ತಿಂಗಳಿಗೊಮ್ಮೆ ಜನರ ಮುಂದಿಡಲಿ. ಕರ್ನಾಟಕದ ಸಂಸದರು ಇದನ್ನು ಈ ಅಧಿವೇಶನದಲ್ಲೇ ಎತ್ತಲಿ.

– ನಿವೃತ್ತ ಶಿಕ್ಷಕಿ, ಬೀದರ್