ಗೆಳೆಯನಿಗೊಂದು ಪತ್ರ: ಸೇಮಸ್‌ಳ ಕವಚ, ಶೆಪರ್ಡ್‌ಳ ದನಿ

ಲೋ ಗುರುವೇ,

ಕ್ಯಾಲಿಬ್ರೇಶನ್ ಮುಗೀತಾ? ಮುಗಿದಿರಲ್ಲ ಬಿಡು. ಹತ್ತು ಜನ ಓದೋ ಪತ್ರ ಇದು, ಅದಕ್ಕೇ ನಿನ್ನ ಆ ಇನ್ನೊಂದು ಹೆಸರು ಇಲ್ಲಿ ಬರೆಯೋದಿಲ್ಲ. ಶೆಟ್ಟರ ಅಂಗಡಿ ಲೆಕ್ಕದ ಮಾತೂ ಎತ್ತೋದಿಲ್ಲ.

ಸೈನ್ಸ್ ಫಿಕ್ಷನ್ ಗೇಮ್‌ಗಳಲ್ಲಿ ಹೆಣ್ಣು ಪಾತ್ರವನ್ನ ಯಾರು ಚೆನ್ನಾಗಿ ಬರೆದಿದಾರೆ, ಯಾರು ಕೆಡಿಸಿದಾರೆ ಅಂತ ಕೇಳಿದ್ದೆಯಲ್ಲ. ಕೆಡಿಸಿದ್ದಕ್ಕೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಸೇಮಸ್ ಅನ್ನೋ ಬಾಹ್ಯಾಕಾಶ ಬೇಟೆಗಾರ್ತಿಯ ಆಟ, 2010ರ ‘ಮೆಟ್ರಾಯ್ಡ್: ಅದರ್ ಎಂ’. ಉತ್ತರ ಸರಿ, ಕಾರಣ ತಪ್ಪು. ಅವಳ ಹಳೇ ಕಮಾಂಡರ್ ಆಡಮ್ ಮಾಲ್ಕೊವಿಚ್ ಅನ್ನೋ ಗಂಡಸು ಅಪ್ಪಣೆ ಕೊಡ್ತಾನೆ, ಸೇಮಸ್ ತಲೆ ಬಾಗಿಸ್ತಾಳೆ, ಅದಕ್ಕೇ ಕೆಟ್ಟದು ಅಂತಾರೆ. ಹಾಗಾದ್ರೆ ಅದೇ ಸರಣಿಯ 2002ರ ‘ಫ್ಯೂಷನ್’? ಅಲ್ಲೂ ಹಡಗಿನ ಕಂಪ್ಯೂಟರ್ ಅಪ್ಪಣೆ ಕೊಡುತ್ತೆ, ಅದಕ್ಕೂ ಆಡಮ್ ಅಂತಲೇ ಹೆಸರು, ಬಾಗಿಲುಗಳ ಬೀಗವೂ ಅದರದೇ ಕೈಲಿ. ಆದರೂ ಆ ಬರಹ ನಿಲ್ಲುತ್ತೆ. ಯಾಕೆ ಅಂದ್ರೆ ಆಟ ಶುರುವಾಗೋ ಹೊತ್ತಿಗೇ ಎಕ್ಸ್ ಪರಾವಲಂಬಿ ಅವಳ ಮೈ ಹೊಕ್ಕು, ಸೂಟಿನ ಭಾಗಗಳನ್ನ ಆಪರೇಶನ್ ಮಾಡಿ ತೆಗೆದಾಗಿದೆ. ಶಕ್ತಿಗಳು ಅವಳ ಹತ್ತಿರ ನಿಜವಾಗಿಯೂ ಇಲ್ಲ. ಡೇಟಾ ರೂಮ್ ಹುಡುಕಿ ಒಂದೊಂದೇ ಇಳಿಸಿಕೋಬೇಕು. ಮೇಲಿಂದ, ಅಪ್ಪಣೆ ಕೊಡೋರ ಮೇಲೆ ಅವಳಿಗೇ ಅನುಮಾನ.

‘ಅದರ್ ಎಂ’ನಲ್ಲಿ ಬಿಸಿ ತಡೆಯೋ ವೇರಿಯಾ ಸೂಟ್ ಅವಳ ಮೈಮೇಲೇ ಇದೆ. ಸೆಕ್ಟರ್ 3ರ ಧಗೆಯಲ್ಲಿ ಎನರ್ಜಿ ಸೋರ್ತಾ ಇರುತ್ತೆ, ನಾವು ಎದ್ದು ಬಿದ್ದು ಓಡ್ತಾ ಇರ್ತೀವಿ, ಆಡಮ್ ಬಾಯಿ ಬಿಡೋ ತನಕ ಅವಳು ಅದನ್ನ ಆನ್ ಮಾಡಲ್ಲ. ಪವರ್ ಬಾಂಬ್‌ಗೆ ಅಪ್ಪಣೆ ಬೇಕು ಅಂದ್ರೆ ಒಪ್ಪೋಣ, ಅಕ್ಕಪಕ್ಕ ಬದುಕುಳಿದೋರು ಇರಬಹುದು. ಬಿಸಿ ತಡೆಯೋ ಕವಚದಿಂದ ಯಾರ ಪ್ರಾಣಕ್ಕೆ ಅಪಾಯ? ಆಟಕ್ಕೆ ಬೇಕಾದ ಬೀಗವನ್ನ ಕಥೆ ಕಣ್ಣು ಮುಚ್ಚಿ ಹೊತ್ತುಕೊಂಡಿದೆ, ಆ ಭಾರ ಪೂರ್ತಿ ಸೇಮಸ್‌ಳ ಬುದ್ಧಿಯ ಮೇಲೆ ಬಿದ್ದಿದೆ. ಅದೇ ಜಾಗದಲ್ಲಿ ಗಂಡಸನ್ನ ನಿಲ್ಲಿಸಿದ್ರೂ ಪೆದ್ದನ ಹಾಗೇ ಕಾಣ್ತಿದ್ದ.

ಚೆನ್ನಾಗಿ ಬರೆದಿದ್ದಕ್ಕೆ ನಾನು ಯಾವಾಗಲೂ ಹೇಳೋದು ‘ಮಾಸ್ ಎಫೆಕ್ಟ್’ನ ಹೆಣ್ಣು ಶೆಪರ್ಡ್. ಮೂರು ಭಾಗದ ಆ ಬಾಹ್ಯಾಕಾಶ ಕಥೆಯಲ್ಲಿ ನಾಯಕ ಶೆಪರ್ಡ್ ಗಂಡೋ ಹೆಣ್ಣೋ ಅಂತ ಆಡೋರೇ ಆರಿಸ್ಕೋಬೇಕಲ್ಲ. ನೀನು ಯಾವಾಗಲೂ ನಗೋದೂ ಅದಕ್ಕೇ: ‘ಅವಳಿಗೆ ಅಂತ ಬರೆದೇ ಇಲ್ವಲ್ಲೋ!’ ಹೆಚ್ಚು ಕಡಿಮೆ ನಿಜ. ಒಂದೇ ಸ್ಕ್ರಿಪ್ಟು, ಮಾರ್ಕ್ ಮೀರ್ ಒಂದು ಸಲ ಓದಿದಾರೆ, ಜೆನಿಫರ್ ಹೇಲ್ ಒಂದು ಸಲ. ಮೊದಲ ಹೆಸರು ಆಟಗಾರನೇ ಇಡೋದರಿಂದ ಬಾಯಲ್ಲಿ ಕರೆಯೋಕೆ ‘ಶೆಪರ್ಡ್’, ‘ಕಮಾಂಡರ್’ ಇಷ್ಟೇ. ಅನಿಮೇಶನ್ನೂ ಬಹುಪಾಲು ಹಂಚಿಕೊಂಡಿದ್ದು. ಎರಡನೇ ಭಾಗದಲ್ಲಿ ಕಸೂಮಿ ಡಿಎಲ್‌ಸಿಯ (ಆಟಕ್ಕೆ ಆಮೇಲೆ ಸೇರಿಸೋ ಹೆಚ್ಚುವರಿ ಭಾಗ) ಗಿಡ್ಡ ಡ್ರೆಸ್ ಹಾಕಿ ಅವಳನ್ನ ಎಲ್ಲಾದರೂ ಕೂರಿಸು, ಬಸ್‌ಸ್ಟ್ಯಾಂಡಿನ ಗಂಡಸಿನ ಹಾಗೆ ಕಾಲು ಅಗಲಿಸಿ ಕೂರ್ತಾಳೆ.

ಆದರೆ ಪೂರ್ತಿ ಒಂದೇ ಅಲ್ಲ. ಪರೀಕ್ಷೆ ಮಾಡ್ತೀಯಾ? ಎರಡು ಶೆಪರ್ಡ್ ಶುರು ಮಾಡು. ಕ್ಲಾಸ್ (ಯುದ್ಧದ ಪರಿಣತಿ) ಒಂದೇ ಇರಲಿ, ಹುಟ್ಟಿನ ಕಥೆ, ಸೇನೆಯ ಹಿನ್ನೆಲೆ ಕೂಡ ಒಂದೇ ಇರಲಿ. ಅವು ಬದಲಾದರೆ ಮಾತೂ ಬದಲಾಗುತ್ತೆ, ಹೋಲಿಕೆ ಕೆಡುತ್ತೆ. ಸಬ್‌ಟೈಟಲ್ ಹಾಕಿಕೋ. ಮೊದಲನೇ ಭಾಗದಲ್ಲಿ ಚೋರಾಸ್ ಡೆನ್ ಅನ್ನೋ ಬಾರಿನಲ್ಲಿ ಕೂತಿರೋ ಪೊಲೀಸ್ ಹಾರ್ಕಿನ್, ಎರಡನೇದರಲ್ಲಿ ಒಮೆಗಾ ಬಾಹ್ಯಾಕಾಶ ನಿಲ್ದಾಣದ ಆಫ್ಟರ್‌ಲೈಫ್ ಕ್ಲಬ್ಬಿನಲ್ಲಿ ಬಾಡಿಗೆ ಸೈನಿಕರನ್ನ ಸೇರಿಸಿಕೊಳ್ಳೋ ಬಟೇರಿಯನ್ ಅನ್ನೋ ಅನ್ಯಗ್ರಹ ಜನಾಂಗದವನು, ಈ ಇಬ್ಬರೂ ಹೆಂಗಸನ್ನ ಕಂಡಾಗ ವರಸೆ ಬದಲಾಯಿಸ್ತಾರೆ. ಎರಡನೆಯವನಂತೂ ಡ್ಯಾನ್ಸ್ ಮಾಡೋರ ಕೋಣೆ ಆ ಕಡೆ ಅಂತಾನೆ, ಅವಳು ಬಂದೂಕು ತೆಗೀತಾಳೆ. ಅಂದ್ರೆ ಬರೆಯೋರಿಗೆ ಅವಳು ಹೆಣ್ಣು ಅನ್ನೋದು ನೆನಪಾಗೋದು ಯಾರಾದರೂ ಅವಮಾನ ಮಾಡೋ ಹೊತ್ತಿಗೆ. ಮಿಕ್ಕ ಗ್ಯಾಲಕ್ಸಿಗೆ ಆ ಪರಿವೆಯೇ ಇಲ್ಲ.

ಮೊದಲನೇ ಭಾಗದ ವರ್ಮೈರ್ ಗ್ರಹದಲ್ಲಿ ಶೆಪರ್ಡ್ ತಂಡದವನೇ ಆದ ರೆಕ್ಸ್ ಬಂದೂಕು ಹಿಡಿದು ಎದುರು ನಿಲ್ಲೋ ದೃಶ್ಯ ಕೇಳಲೇಬೇಕು. ಅದಕ್ಕೆ ಮುಂಚೆ ಚಾರ್ಮ್ ಇಲ್ಲಾ ಇಂಟಿಮಿಡೇಟ್ ಅನ್ನೋ ಮಾತಿನ ಕಲೆಗೆ ಪಾಯಿಂಟ್ ಹಾಕಿರು, ಅಥವಾ ಅವನ ವಂಶದ ಕವಚ ತಂದುಕೊಟ್ಟಿರು. ಎರಡೂ ಇಲ್ಲದೆ ಹೋದರೆ ರೆಕ್ಸ್ ಅಲ್ಲೇ ಮಣ್ಣಾಗಬಹುದು, ಮುಂದಿನ ಎರಡು ಭಾಗದ ಒಳ್ಳೊಳ್ಳೆ ಮಾತುಗಳೂ ಅವನ ಹಿಂದೇ ಹೋಗುತ್ತವೆ.

ಅನ್ಯಗ್ರಹದವರ ಕಥೆ ಇನ್ನೂ ತಮಾಷೆ. ಟ್ಯೂರಿಯನ್ ಹೆಣ್ಣು ಮೊದಲು ಕಣ್ಣಿಗೆ ಬಿದ್ದದ್ದು 2012ರ ಕೊನೆಯಲ್ಲಿ, ಮೂರನೇ ಭಾಗದ ಒಮೆಗಾ ಡಿಎಲ್‌ಸಿಯಲ್ಲಿ. ಅಲ್ಲಿಯವರೆಗೆ ಆ ಇಡೀ ಜನಾಂಗ ಗಂಡಸರ ಹಾಸ್ಟೆಲ್. ಹೊಸ ಮೈಕಟ್ಟು ಅಂದ್ರೆ ಹೊಸ ಮಾಡೆಲ್, ಹೊಸ ಬಟ್ಟೆ, ಹೊಸ ಚಲನೆ, ಎಲ್ಲದಕ್ಕೂ ಖರ್ಚು. ಸಲೇರಿಯನ್‌ರಿಗೆ ಮಾತ್ರ ಆಟದೊಳಗಿನ ಮಾಹಿತಿಕೋಶ ಕೋಡೆಕ್ಸ್‌ನಲ್ಲಿ ಕಾರಣ ಇದೆ: ಫಲಿತವಾಗದ ಮೊಟ್ಟೆಯಿಂದ ಗಂಡು, ಹಾಗಾಗಿ ನೂರಕ್ಕೆ 90 ಗಂಡು, ರಾಜಕೀಯವೆಲ್ಲ ಹೆಣ್ಣಿನ ಕೈಲಿ. ಖರ್ಚು ಉಳಿಸೋಕೆ ಬರೆದರೋ ಇಲ್ವೋ, ಜಾಣ ಬರಹ. ಅದೇ ಕೈಗಳು ಎರಡನೇ ಭಾಗದಲ್ಲಿ ತಂಡದ ಮಿರಾಂಡಾ ತನ್ನ ತಂಗಿಯ ಸಂಕಟ ಹೇಳಿಕೊಳ್ಳೋವಾಗ ಕ್ಯಾಮೆರಾನ ಅವಳ ಹಿಂಭಾಗಕ್ಕೆ ಇಟ್ಟಿದ್ವು. ಮೂರೂ ಭಾಗ ಹೊಸದಾಗಿ ತಿದ್ದಿ ಒಟ್ಟಿಗೆ ಬಿಟ್ಟ 2021ರ ಲೆಜೆಂಡರಿ ಎಡಿಶನ್‌ನಲ್ಲಿ ಅಂಥ ಕೆಲವು ಕೋನ ತಿದ್ದಿದಾರೆ. ಮಾತು ಎಷ್ಟೇ ಚೆನ್ನಾಗಿರಲಿ, ಕ್ಯಾಮೆರಾನೂ ಬರಹಗಾರನೇ ಕಣೋ.

ಈಗ ನನ್ನ ನಿದ್ದೆ ಕೆಡಿಸ್ತಿರೋ ವಿಷಯ. ಮೂರನೇ ಭಾಗದಲ್ಲಿ ಅಸಾರಿ ಜನಾಂಗದ ತವರು ಗ್ರಹ ಥೆಸ್ಸಿಯಾ ಕೈತಪ್ಪಿದ ಮೇಲೆ ಶೆಪರ್ಡ್ ಅವರ ಪ್ರತಿನಿಧಿಯಾದ ಅಸಾರಿ ಕೌನ್ಸಿಲರ್‌ಗೆ ಸುದ್ದಿ ಮುಟ್ಟಿಸಬೇಕು. ಹೇಲ್ ದನಿಯಲ್ಲಿ ಅದನ್ನ ಎಷ್ಟು ಸಲ ಬೇಕಾದ್ರೂ ಕೇಳ್ತೀನಿ. ಮೀರ್ ದನಿಯಲ್ಲಿ ಬಂದರೆ ಬೆರಳು ತಾನೇ ಸ್ಕಿಪ್ ಒತ್ತುತ್ತೆ. ಮಾತು ಒಂದೇ, ಮೀರ್ ಓದಿದ್ದರಲ್ಲೂ ಕೊರತೆ ಇಲ್ಲ. ಗಂಡಸಿನ ದನಿ ‘ಆಗಲಿಲ್ಲ, ಕಳಕೊಂಡ್ವಿ’ ಅನ್ನೋದನ್ನ ನಮ್ಮ ಕಿವಿ ಒಪ್ಪಲ್ಲ. ನಮ್ಮ ಅಂದ್ನಾ? ನನ್ನ ಅಂತ ಓದಿಕೋ. ಹೆಣ್ಣು ಶೆಪರ್ಡ್ ಯಾಕೆ ಅಂತ ಯಾರು ಕೇಳಿದ್ರೂ ‘ನಟನೆ ಚೆನ್ನಾಗಿದೆ’ ಅಂತೀನಿ. ಸೋತೆ ಅಂತ ಹೇಳೋಕೆ ನನಗೆ ಹೆಂಗಸಿನ ದನಿ ಬಾಡಿಗೆಗೆ ಬೇಕು, ಅಷ್ಟೇ. ಮಾಮೂಲಿ ಜೀವನದಲ್ಲಿ ಅದು ಸಿಗಲ್ಲ, ಹಾಗಾಗಿ ಹೇಳೋದೂ ಇಲ್ಲ.

ಅದೇ ಕಿವಿ ಸೇಮಸ್‌ಗೆ ತಿರುಗಿ ಉಲ್ಟಾ ಹೊಡೆಯುತ್ತೆ. ‘ಅದರ್ ಎಂ’ನಲ್ಲಿ ಹಳೇ ಶತ್ರು ರಿಡ್ಲಿ ಎದುರು ಅವಳು ಹೆದರಿ ಮರಗಟ್ಟಿದ್ದಕ್ಕೆ ನಾನೂ ಬೈದಿದೀನಿ, ಅದೇ ಸರಣಿಯ 2021ರ ‘ಡ್ರೆಡ್’ನಲ್ಲಿ ಅವಳನ್ನ ಸಾಕಿದ ಚೋಜೋ ಜನಾಂಗದ ಭಾಷೆಯ ಒಂದೇ ಒಂದು ಮಾತಾಡಿ ಸುಮ್ಮನಿರೋದಕ್ಕೆ ಚಪ್ಪಾಳೆನೂ ತಟ್ಟಿದೀನಿ. ಅಷ್ಟು ಸಲ ಕೊಂದವನನ್ನ ಕಂಡು ಈಗ ಯಾಕೆ ಹೆದರಿದಳು ಅಂತ ‘ಅದರ್ ಎಂ’ ಸರಿಯಾಗಿ ಹೇಳಲ್ಲ, ಬರಹದ ದೋಷ ಇದೆ, ಇಲ್ಲ ಅನ್ನಲ್ಲ. ಆದರೆ ಬೈದಿದ್ದು ಪೂರ್ತಿ ಬರಹಕ್ಕಾ?

ಬಿಡು ಮಾರಾಯ, ಜಾಸ್ತಿ ಆಯ್ತು. ಇದನ್ನ ಓದಿ ‘ಆರಾಮಿದೀಯಾ’ ಅಂತ ಫೋನ್ ಮಾಡಿದ್ರೆ ಕಟ್ ಮಾಡ್ತೀನಿ. ಹೆಣ್ಣು ಶೆಪರ್ಡ್ ಆಡಿದೋರು ನೂರಕ್ಕೆ 18 ಅಂತ ‘ಮಾಸ್ ಎಫೆಕ್ಟ್’ ಮಾಡಿದ ಬಯೋವೇರ್ ಕಂಪನಿ 2011ರಲ್ಲಿ ಹೇಳಿತ್ತು. 2021ರಲ್ಲಿ ಲೆಜೆಂಡರಿ ಎಡಿಶನ್ ಲೆಕ್ಕ ಬಂದಾಗ 32. ಸಮಾಜ ಮುಂದುವರಿದಿದೆ ಅಂತ ಖುಷಿಪಟ್ಟಿದ್ದೆ. ಈಗ ನೋಡಿದ್ರೆ ಅದರಲ್ಲಿ ನನ್ನಂಥ ಅಳುಬುರುಕರು ಎಷ್ಟು ಮಂದಿಯೋ.

ಪಿಸಿಯಲ್ಲಿ 120 ಜಿಬಿ ಖಾಲಿ ಮಾಡ್ಕೋ, ಮೂರೂ ಭಾಗ ಒಟ್ಟಿಗೇ ಇಳಿಯುತ್ತೆ. ಮೂರನೇ ಭಾಗದ ಆ ಕೆಂಪು ಕೂದಲ ಮುಖ ಈಗ ಮೊದಲನೇದರಿಂದಲೇ ಸಿಗುತ್ತೆ, ಅದನ್ನೇ ಆರಿಸು. ನೀನು ಮುಖ ತಯಾರಿಸಿದ್ರೆ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತು. ಜಾಗಕ್ಕೆ ಅಂತ ಮದುವೆ ವಿಡಿಯೋ ಅಳಿಸೋದಾದ್ರೆ ಅತ್ತಿಗೆ ಹತ್ತಿರ ನನ್ನ ಹೆಸರು ಎತ್ತಬೇಡ.

ಇಂತಿ,
ನಿನ್ನ ಮೊಟ್ಟೆಗೋಸು